ಅಡಿವೆಪ್ಪ ಕೂಡಿಸಿದ ಸೆಕೆಂಡುಗಳು

ಘಟಪ್ರಭಾ ಹೊಳೆಯ ದಂಡೆಯಲ್ಲಿ ದುಂಡಪ್ಪ ಎಂಬ ವಸ್ತಾದರಿದ್ದರು, ಕಸರತ್ತು ಕಲಿಸುವ ಗುರುಗಳು. ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿದ್ದವರು. ಅದರಲ್ಲಿ ಹದಿನಾರು ವರ್ಷ ಕಮಾಂಡೋ ಪಡೆಯಲ್ಲಿ.

ಸೈನ್ಯ ಸೇರಬೇಕೆಂದು ಬಂದವರಿಗೆ ಅವರು ಕಲಿಸುತ್ತಿದ್ದರು. ಒಂದು ತಗಡಿನ ಶೆಡ್ಡು, ಒಂದು ಬೇವಿನ ಮರ, ಹೊಳೆಗೆ ಇಳಿಯುವ ಕಲ್ಲಿನ ಮೆಟ್ಟಿಲು. ಅವರ ಆಶ್ರಮ ಅಂದರೆ ಅಷ್ಟೇ. ಬಂದವರ ಮೊಬೈಲು, ಕೈಗಡಿಯಾರ ಎರಡೂ ಮೊದಲ ದಿನವೇ ವಸ್ತಾದರ ಪೆಟ್ಟಿಗೆ ಸೇರುತ್ತಿದ್ದವು.

ಅಡಿವೆಪ್ಪ ಅಲ್ಲಿಗೆ ಬಂದು ಎರಡು ವರ್ಷವಾಗಿತ್ತು. ಅವನಿಗೆ ಸಾದಾ ಸೈನ್ಯ ಬೇಕಿರಲಿಲ್ಲ. ವಸ್ತಾದರು ಇದ್ದ ಪಡೆಯೇ ಬೇಕು. ನೂರು ಮಂದಿ ಹೋದರೆ ಮೂವರು ಉಳಿಯುವ ಪಡೆ ಅದು. ಆ ಮೂವರಲ್ಲಿ ತಾನೊಬ್ಬ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ.

ಆಮೇಲೆ ಲಗಮಣ್ಣ ಬಂದ.

ಲಗಮಣ್ಣ ಕುರಿ ಕಾಯುತ್ತಿದ್ದವನು. ಬೂಟು ಹಾಕಿ ಗೊತ್ತಿರಲಿಲ್ಲ. ಬಂದ ಎರಡನೇ ದಿನ ಬೇವಿನ ಮರಕ್ಕೆ ಕಟ್ಟಿದ ಹಗ್ಗವನ್ನು ತುದಿಯವರೆಗೆ ಹತ್ತಿದ. ಅಡಿವೆಪ್ಪನಿಗೆ ಅದನ್ನು ಹತ್ತಲು ಮೂರು ತಿಂಗಳು ಬೇಕಾಗಿತ್ತು.

ಮೇಲಿಂದ ಲಗಮಣ್ಣ ಕೂಗಿದ, "ವಸ್ತಾದ್ರ, ಹತ್ತೂದೇನೋ ಹತ್ತಿದ್ನಿ. ಇಳಿಯೂದು ಹ್ಯಾಂಗ್ರಿ?"

ವಸ್ತಾದರು ಜೋರಾಗಿ ನಕ್ಕರು. ಅವರ ಬಲಗಡೆಯ ದವಡೆಯಲ್ಲಿ ಒಂದು ಹಲ್ಲಿಲ್ಲ ಎಂಬುದು ಅಡಿವೆಪ್ಪನಿಗೆ ಅವತ್ತೇ ತಿಳಿದದ್ದು. ಎರಡು ವರ್ಷದಲ್ಲಿ ಅವರು ಅವನ ಮುಂದೆ ಅಷ್ಟು ಬಾಯಿಬಿಟ್ಟು ನಕ್ಕಿರಲಿಲ್ಲ.

ಅಂದಿನಿಂದ ಅಡಿವೆಪ್ಪ ಎಲ್ಲವನ್ನೂ ನೋಡತೊಡಗಿದ. ಲಗಮಣ್ಣನ ತಾಟಿಗೆ ಎಷ್ಟು ರೊಟ್ಟಿ ಬಿದ್ದವು. ವಸ್ತಾದರು ಅವನ ಹೆಸರನ್ನು ಎಷ್ಟು ಸಲ ಕರೆದರು. ಎಷ್ಟು ಸಲ ಬೈದರು. ಬೈಗುಳವನ್ನೂ ಅವನು ಬಿಡಲಿಲ್ಲ. ತನಗೆ ಅಷ್ಟು ಪ್ರೀತಿಯಿಂದ ಯಾರೂ ಬೈದಿರಲಿಲ್ಲ.

ಒಂದು ಸಂಜೆ ಅವನು ವಸ್ತಾದರ ಮುಂದೆ ಹೋಗಿ ನಿಂತ.

"ಒಂದು ಕೇಳಲೇನ್ರಿ?"

"ಕೇಳು."

"ನನಗಿಂತ ಅಂವ ಚಲೋ ಅದಾನೇನ್ರಿ?"

ವಸ್ತಾದರು ಕೊರಳಿನ ಸ್ಟಾಪ್‌ವಾಚ್ ತೆಗೆದು ಅವನ ಅಂಗೈಯಲ್ಲಿಟ್ಟರು.

"ನಾಳಿಂದ ಅವನ ಓಟಕ್ಕ ನೀ ಟೈಮ್ ಹಿಡಿ. ನಿನ್ನ ಓಟಕ್ಕ ಅಂವ ಹಿಡೀಲಿ. ನನ್ನ ಕೇಳಬ್ಯಾಡ."

ಐದು ಕಿಲೋಮೀಟರ್ ಓಟ. ಬೆನ್ನ ಮೇಲೆ ಹತ್ತು ಕಿಲೋ ಮರಳು. ಆಯ್ಕೆಯ ದಿನ ಇಪ್ಪತ್ನಾಲ್ಕು ನಿಮಿಷ ದಾಟಿದವನನ್ನು ಅಲ್ಲಿಂದಲೇ ಮನೆಗೆ ಕಳಿಸುತ್ತಾರೆ ಎಂದು ವಸ್ತಾದರು ಹೇಳಿದ್ದರು. ಅಡಿವೆಪ್ಪನದು ಇಪ್ಪತ್ಮೂರು ನಿಮಿಷ ಐವತ್ತು ಸೆಕೆಂಡು. ಅದನ್ನು ಅವನು ಎರಡು ವರ್ಷ ಬೆವರು ಸುರಿಸಿ ಗಳಿಸಿದ್ದ.

ಮರುದಿನ ಬೆಳಿಗ್ಗೆ ಲಗಮಣ್ಣ ಓಡಿ ಬಂದು ಮೆಟ್ಟಿಲ ಮೇಲೆ ಕುಸಿದ. ಅಡಿವೆಪ್ಪ ಗುಂಡಿ ಒತ್ತಿದ.

ಇಪ್ಪತ್ಮೂರು ನಿಮಿಷ ಐದು ಸೆಕೆಂಡು.

"ಎಷ್ಟಾತು ಅಣ್ಣಾ?"

ಅಡಿವೆಪ್ಪ ಇನ್ನೊಂದು ಗುಂಡಿ ಒತ್ತಿದ. ಅಂಕಿಗಳೆಲ್ಲ ಸೊನ್ನೆಯಾದವು.

"ಇಪ್ಪತ್ನಾಲ್ಕು, ಹತ್ತು."

ಎಷ್ಟು ಸಲೀಸಾಗಿ ಬಾಯಿಂದ ಬಂತೆಂದು ಅವನಿಗೇ ಆಶ್ಚರ್ಯವಾಯಿತು.

"ಅಯ್ಯ, ಹತ್ತು ಸೆಕೆಂಡಿನಾಗ ಹೋತಲ್ಲೋ!" ಲಗಮಣ್ಣ ತಲೆ ಕೊಡವಿ ಎದ್ದ. "ಈಗ ನಿಂದು."

ಅಡಿವೆಪ್ಪ ಓಡಿ ಬಂದಾಗ ಲಗಮಣ್ಣ ಮೆಟ್ಟಿಲ ಮೇಲೆ ಕುಣಿಯುತ್ತಿದ್ದ. "ಇಪ್ಪತ್ಮೂರು ನಲವತ್ತೇಳು! ಮೂರು ಸೆಕೆಂಡ್ ಕಡಿಮಿ ಆತು ಅಣ್ಣಾ!"

ಆ ಸಂತೋಷವನ್ನು ಅಡಿವೆಪ್ಪನಿಗೆ ನೋಡಲಾಗಲಿಲ್ಲ. ಹೊಳೆಯಲ್ಲಿ ಮುಖ ತೊಳೆಯುವ ನೆಪದಲ್ಲಿ ತಿರುಗಿಕೊಂಡ.

ಲಗಮಣ್ಣ ಈಗ ಎಲ್ಲರಿಗಿಂತ ಮೊದಲೇ ಏಳತೊಡಗಿದ. ಮರಳಿನ ಚೀಲ ಹೊತ್ತು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಓಡಿದ. ಹದಿನೈದು ದಿನಕ್ಕೆ ಇಪ್ಪತ್ತೆರಡು ನಿಮಿಷ ನಲವತ್ತಕ್ಕೆ ಬಂದ. ತಿಂಗಳಿಗೆ ಇಪ್ಪತ್ತೆರಡು ಹದಿನೈದು.

ಅವನು ಜೋರಾದಷ್ಟೂ ಅಡಿವೆಪ್ಪ ಹೆಚ್ಚು ಕೂಡಿಸಬೇಕಾಯಿತು. ಹೆಚ್ಚು ಕೂಡಿಸಿದಷ್ಟೂ ಲಗಮಣ್ಣ ಇನ್ನೂ ಜೋರಾಗಿ ಓಡಿದ.

ಒಂದು ದಿನ ವಸ್ತಾದರು ಬೂಟಿಗೆ ಪಾಲಿಶ್ ಹಚ್ಚುತ್ತ ಕೇಳಿದರು, "ಲಗಮಣ್ಣ ಹ್ಯಾಂಗ ಓಡಾಕತ್ತಾನ?"

"ಸ್ವಲ್ಪ ನಿಧಾನ್ರಿ."

"ನೀ?"

"ನಾ ಇದ್ದಲ್ಲೇ ಅದೇನ್ರಿ."

"ಹೂಂ," ಅಂದರು ವಸ್ತಾದರು. ಮತ್ತೊಂದು ಬೂಟು ಎತ್ತಿಕೊಂಡರು.

ಆಯ್ಕೆಗೆ ಎರಡು ವಾರ ಉಳಿದಿತ್ತು. ಲಗಮಣ್ಣನ ಮೊಣಕಾಲಿನ ಕೆಳಗೆ ಬಾವು ಬಂದಿತ್ತು. ಅವತ್ತೂ ಓಡಿದ. ಇಪ್ಪತ್ತೆರಡು ಹತ್ತು.

"ಇಪ್ಪತ್ನಾಲ್ಕು, ಹನ್ನೆರಡು," ಅಂದ ಅಡಿವೆಪ್ಪ.

ಲಗಮಣ್ಣ ಮಧ್ಯಾಹ್ನ ಊಟವಾದ ಮೇಲೆ ಚೀಲ ಕಟ್ಟಿಕೊಂಡು ಬಂದು ವಸ್ತಾದರ ಕಾಲು ಮುಟ್ಟಿದ.

"ನನ್ನ ಕೈಲೆ ಆಗೂದಿಲ್ರಿ. ಇನ್ನೆಷ್ಟು ಓಡ್ಲಿ? ಕುರಿ ಕಾಯಾಕ ಹೋಗತೇನ್ರಿ."

ವಸ್ತಾದರು ಅವನ ತಲೆಯ ಮೇಲೆ ಕೈಯಿಟ್ಟರು.

"ಹೋಗು," ಅಂದರು. "ಅಡಿವೆಪ್ಪ ಬಸ್ ಹತ್ತಿಸಿ ಬರತಾನ."

ಇಬ್ಬರೂ ನಡೆದರು. ಬಿಸಿಲು ಚುರುಗುಟ್ಟುತ್ತಿತ್ತು. ಲಗಮಣ್ಣ ಕುಂಟುತ್ತಿದ್ದ. ಅಡಿವೆಪ್ಪನಿಗೆ ಬೇಕಾದದ್ದು ಸಿಕ್ಕಿತ್ತು. ಇನ್ನು ನಾಳೆಯಿಂದ ಶೆಡ್ಡಿನಲ್ಲಿ ಅವನ ಮಾತು ಕೇಳುವುದಿಲ್ಲ, ಅವನ ನಗು ಕೇಳುವುದಿಲ್ಲ. ಆದರೂ ಯಾಕೋ ಹೆಜ್ಜೆ ಭಾರವಾಗಿತ್ತು.

ದೂರದಲ್ಲಿ ಬಸ್ಸು ಕಂಡಿತು.

"ಅಣ್ಣಾ," ಅಂದ ಲಗಮಣ್ಣ. "ಊರಾಗ ಎಲ್ಲಾರೂ ನನಗ ನೀ ಗ್ಯಾರಂಟಿ ಪಾಸ್ ಆಗತಿ ಅಂತಿದ್ರು. ಸುಳ್ಳೇ ಉಬ್ಬಿಸಿ ಕಳಿಸಿದ್ರು. ನೀ ಒಬ್ಬಾಂವ ಖರೇ ಹೇಳಿದಿ."

ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲು ತೆಗೆದ. ಲಗಮಣ್ಣ ಒಂದು ಕಾಲು ಮೇಲಿಟ್ಟ.

ಅಡಿವೆಪ್ಪ ಅವನ ಚೀಲ ಹಿಡಿದು ಜಗ್ಗಿದ.

"ಇಪ್ಪತ್ತೆರಡು ಹತ್ತು," ಅಂದ.

"ಏನು?"

"ಇವತ್ತಿಂದು. ಇಪ್ಪತ್ತೆರಡು ಹತ್ತು. ಮೊದಲನೇ ದಿನ ಇಪ್ಪತ್ಮೂರು ಐದು. ಒಂದು ದಿನಾನೂ ನಾ ನಿನಗ ಖರೇ ಹೇಳಿಲ್ಲ."

"ಹತ್ತೂದಿದ್ರ ಹತ್ರಪಾ!" ಎಂದು ಕಂಡಕ್ಟರ್ ಕೂಗಿದ.

ಬಸ್ಸು ಹೋಯಿತು. ಲಗಮಣ್ಣ ರಸ್ತೆಯ ಬದಿಯಲ್ಲಿ ನಿಂತೇ ಇದ್ದ. ಹೊಡೆಯುತ್ತಾನೆ ಅಂದುಕೊಂಡ ಅಡಿವೆಪ್ಪ. ಹೊಡೆದಿದ್ದರೆ ಹಗುರಾಗುತ್ತಿತ್ತು. ಲಗಮಣ್ಣ ತನ್ನ ಚೀಲ ಕಿತ್ತುಕೊಂಡ. ಒಬ್ಬನೇ ಕುಂಟುತ್ತ ಹೊಳೆಯ ಕಡೆ ಹೊರಟ. ಒಮ್ಮೆಯೂ ಹಿಂದೆ ನೋಡಲಿಲ್ಲ.

ಅಡಿವೆಪ್ಪ ಸ್ಟಾಪ್‌ವಾಚನ್ನು ವಸ್ತಾದರ ಮುಂದಿಟ್ಟು ನಡೆದದ್ದನ್ನು ಹೇಳಿದ.

"ಗೊತ್ತು," ಅಂದರು ವಸ್ತಾದರು.

"ಯಾವಾಗಿಂದ್ರಿ?"

"ಮೊದಲನೇ ದಿನದಿಂದ. ನಾಡಿ ಎಣಿಸಿ ಟೈಮ್ ಹೇಳೂ ನೌಕರಿ ಮಾಡಿ ಬಂದಾಂವ ನಾ."

"ಮತ್ತ ಯಾಕ ಸುಮ್ನಿದ್ರಿ?"

"ಅಂವ ಓಡೂದು ಕಲೀತಿದ್ದ. ನೀನೂ ಏನೋ ಕಲೀತಿದ್ದಿ. ನಾ ಯಾಕ ನಡುವ ಬರಲಿ?"

"ನಾ ಬಾಯಿ ಬಿಡದಿದ್ರ ಅಂವ ಹೋಗಿಬಿಡತಿದ್ದನಲ್ರಿ."

"ಅಂವ ಕುರಿ ಹತ್ತಿರ ಹೋಗತಿದ್ದ. ನೀ ಸೈನ್ಯಕ್ಕ ಹೋಗತಿದ್ದಿ. ನನಗ ಅಂಜಿಕಿ ಹಚ್ಚಿದ್ದು ಎರಡನೇದು."

ಮೂರು ದಿನ ಲಗಮಣ್ಣ ಅಡಿವೆಪ್ಪನೊಂದಿಗೆ ಮಾತಾಡಲಿಲ್ಲ. ವಸ್ತಾದರು ಲಗಮಣ್ಣನ ಕಾಲಿಗೆ ಬಿಸಿನೀರಿನ ಶಾಖ ಕೊಟ್ಟು ಬಾವು ಇಳಿಸಿದರು.

ನಾಲ್ಕನೇ ದಿನ ಹೊಳೆ ತುಂಬಿ ಬಂತು. ಹೊಳೆ ಕಿರಿದಾಗುವ ಜಾಗದಲ್ಲಿ ಎರಡು ಬಂಡೆಗಳ ನಡುವೆ ವಸ್ತಾದರು ಹಗ್ಗ ಕಟ್ಟಿಸಿದರು. ಅದಕ್ಕೆ ಜೋತುಬಿದ್ದು ಆಚೆ ದಾಟಬೇಕು. ಸೊಂಟಕ್ಕೆ ಇನ್ನೊಂದು ಹಗ್ಗ. ಅದರ ತುದಿಯನ್ನು ಈಚೆ ದಂಡೆಯಲ್ಲಿ ಜೊತೆಗಾರ ಹಿಡಿದಿರುತ್ತಾನೆ. ಕೈ ಜಾರಿದರೆ ಉಳಿಸುವುದು ಅದೊಂದೇ.

"ಲಗಮಣ್ಣ ದಾಟಲಿ. ಅಡಿವೆಪ್ಪ ಹಿಡೀಲಿ," ಅಂದರು ವಸ್ತಾದರು.

"ಅಂವ ಬ್ಯಾಡ್ರಿ," ಅಂದ ಲಗಮಣ್ಣ. "ಬೇಕಾದ್ರ ಸೊಂಟದ ಹಗ್ಗ ಇಲ್ಲದನ ದಾಟತೇನಿ."

ವಸ್ತಾದರು ತಲೆಯಾಡಿಸಿದರು. "ಖರೇ ಐತಿ ನಿನ್ನ ಮಾತು. ಹಂಗಾದ್ರ ನೀ ಹಿಡಿ. ಅಡಿವೆಪ್ಪ ದಾಟತಾನ."

ಅಡಿವೆಪ್ಪ ಬಂಡೆಯ ಅಂಚಿಗೆ ಬಂದ. ಕೆಳಗೆ ಕೆಂಪು ನೀರು ಸುತ್ತಿ ಸುತ್ತಿ ಹರಿಯುತ್ತಿತ್ತು. ಹಿಂದೆ ನೋಡಿದ. ಲಗಮಣ್ಣ ಹಗ್ಗವನ್ನು ಬೆನ್ನಿನ ಸುತ್ತ ತಂದು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಅವನ ಮುಖದಲ್ಲಿ ಏನೂ ಕಾಣಲಿಲ್ಲ.

ಅಡಿವೆಪ್ಪನ ಕಾಲು ಕೀಳಲಿಲ್ಲ.

"ಯಾಕ ನಿಂತಿ?" ವಸ್ತಾದರು ಹತ್ತಿರ ಬಂದು ಕೇಳಿದರು.

"ಹಗ್ಗ ಬಿಟ್ಟಾನೇನೋ ಅಂತ್ರಿ."

"ಹಿಂದ ಯಾವಾಗರ ನಿನಗ ಕೈ ಕೊಟ್ಟಾನೇನು?"

"ಇಲ್ರಿ."

"ಒಂದು ಸುಳ್ಳರ ಹೇಳ್ಯಾನೇನು?"

"ಇಲ್ರಿ."

"ಮತ್ತ ಆ ಹಗ್ಗ ಬಿಡೂ ಮನಿಷ್ಯಾನ್ನ ನೀ ಎಲ್ಲಿ ನೋಡಿದಿ?"

ಅಡಿವೆಪ್ಪ ಹಗ್ಗಕ್ಕೆ ಕೈ ಹಾಕಿ ಜೋತುಬಿದ್ದ.

ಅರ್ಧ ದಾಟಿದ್ದ. ಒದ್ದೆ ಹಗ್ಗ. ಬಲಗೈ ಜಾರಿತು. ಆಮೇಲೆ ಎಡಗೈ. ನೀರು ಅವನನ್ನು ನುಂಗಿ ಕೆಳಕ್ಕೆ ಎಳೆಯಿತು. ಸೊಂಟದ ಹಗ್ಗ ಸರಸರ ಸಡಿಲಾಗುತ್ತ ಹೋಯಿತು. ಬಿಟ್ಟ, ಅಂದುಕೊಂಡ ಅಡಿವೆಪ್ಪ.

ಅಷ್ಟರಲ್ಲಿ ಹಗ್ಗ ಬಿಗಿದು ನಿಂತಿತು.

ಎಳೆದು ಮೇಲೆ ಹಾಕಿದಾಗ ಅವನು ಬಹಳ ಹೊತ್ತು ಕೆಮ್ಮಿದ. ಕಣ್ಣು ತೆರೆದಾಗ ಮೊದಲು ಕಂಡದ್ದು ಲಗಮಣ್ಣನ ಅಂಗೈಗಳು. ಹಗ್ಗ ಜಾರಿದ ರಭಸಕ್ಕೆ ಎರಡರದೂ ಚರ್ಮ ಕಿತ್ತು ಹೋಗಿತ್ತು.

"ಯಾಕ ಬಿಡಲಿಲ್ಲ?" ಅಂದ ಅಡಿವೆಪ್ಪ.

"ಬಿಡಬೇಕು ಅನಿಸಿತ್ತು. ಸಿಟ್ಟು ಇನ್ನೂ ಹೋಗಿಲ್ಲ ನನಗ." ಲಗಮಣ್ಣ ಕೈಗಳನ್ನು ನೋಡಿಕೊಂಡ. "ನೀ ಬಿದ್ದಿ. ಕೈ ಹಿಡದವು."

ಆಯ್ಕೆಗೆ ಹತ್ತೇ ದಿನ. ಅಡಿವೆಪ್ಪ ದಿನಕ್ಕೆ ಎರಡು ಸಲ ಆ ಅಂಗೈಗಳಿಗೆ ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದ. ಬಟ್ಟೆ ಕಟ್ಟಿದ. ರೊಟ್ಟಿ ಮುರಿದು ಕೊಟ್ಟ.

ಹಚ್ಚುತ್ತಿರುವಾಗಲೇ ಒಂದು ದಿನ ಅನಿಸಿತು. ಈ ಕೈಯಲ್ಲಿ ಇವನು ಆಯ್ಕೆಯ ಹಗ್ಗ ಹತ್ತುವುದು ಸಾಧ್ಯವಿಲ್ಲ. ಅನಿಸಿದ ಕೂಡಲೇ ಒಳಗೆಲ್ಲೋ ಸಣ್ಣಗೆ ಖುಷಿಯಾಯಿತು. ಅಡಿವೆಪ್ಪ ಬೆಚ್ಚಿ ಕೈ ಹಿಂದಕ್ಕೆ ತೆಗೆದುಕೊಂಡ.

"ಉರೀತೇನು?" ಅಂದ ಗಡಿಬಿಡಿಯಲ್ಲಿ.

"ಇಲ್ಲ. ನೀ ಹಚ್ಚು," ಅಂದ ಲಗಮಣ್ಣ.

ಆಯ್ಕೆಗೆ ನೂರಾ ಹನ್ನೆರಡು ಮಂದಿ ಬಂದಿದ್ದರು. ಓಟದಲ್ಲಿ ಇಬ್ಬರೂ ಉಳಿದರು. ಹಗ್ಗದ ಸರದಿ ಬಂದಾಗ ಲಗಮಣ್ಣ ಕೈಯ ಬಟ್ಟೆ ಬಿಚ್ಚಿ ಹಲ್ಲು ಕಚ್ಚಿ ಹತ್ತಿದ. ಅವನ ನಂತರ ಹತ್ತಿದವನು ಅಡಿವೆಪ್ಪ. ಹಗ್ಗದ ಮೇಲೆ ಅಲ್ಲಲ್ಲಿ ಹಸಿ ರಕ್ತ ಹತ್ತಿತ್ತು. ಅದರ ಮೇಲೆಯೇ ಕೈಯಿಟ್ಟು ಅವನೂ ಹತ್ತಿದ.

ಐದನೇ ದಿನ ಮೂರು ಹೆಸರು ಓದಿದರು. ಎರಡನೆಯದು ಲಗಮಣ್ಣನದು. ಮೂರನೆಯ ಹೆಸರು ಬರುವವರೆಗೆ ಅಡಿವೆಪ್ಪ ಉಸಿರು ಹಿಡಿದಿದ್ದ. ಅದು ಬೇರೆ ಯಾರದೋ ಆಗಿತ್ತು.

ತಿಂಗಳ ನಂತರ ಲಗಮಣ್ಣ ಹೊರಟ. ಎಲ್ಲ ಸಿಪಾಯಿಗಳಂತೆ ಅವನಿಗೂ ಒಂದು ಕರಿ ಟ್ರಂಕು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಅವನ ಹೆಸರು, ಪಡೆಯ ಹೆಸರು.

ಲಗಮಣ್ಣ ಕೈ ಹಾಕುವ ಮೊದಲೇ ಅಡಿವೆಪ್ಪ ಅದನ್ನು ಎತ್ತಿ ತಲೆಯ ಮೇಲಿಟ್ಟುಕೊಂಡ. ರೈಲು ನಿಲ್ದಾಣಕ್ಕೆ ಆರು ಕಿಲೋಮೀಟರ್.

ಸಂಜೆ ಅಡಿವೆಪ್ಪ ಒಬ್ಬನೇ ಮರಳಿದ. ವಸ್ತಾದರು ಮೆಟ್ಟಿಲ ಮೇಲೆ ಕುಳಿತು ಅಂಗಿ ಒಗೆಯುತ್ತಿದ್ದರು. ಅವನು ಅವರಿಗಿಂತ ಎರಡು ಮೆಟ್ಟಿಲು ಕೆಳಗೆ ಕುಳಿತ.

"ವಸ್ತಾದ್ರ, ನಾ ಮನಿಗೆ ಹೋಗತೇನ್ರಿ. ಮುಂದಿನ ವರ್ಷಾನೂ ಬರೂದಿಲ್ಲ."

"ಯಾಕ?"

"ದಾರಿ ತುಂಬ ಎದಿ ಉರೀತಿತ್ರಿ. ಟ್ರಂಕಿನ ಮ್ಯಾಲ ನನ್ನ ಹೆಸರು ಇರಬೇಕಿತ್ತು ಅಂತ ಒಂದ ಸವನ ಅನಿಸ್ತಿತ್ತು. ಹಳ್ಳದ ಸೇತುವಿ ಮ್ಯಾಲ ಬಂದಾಗ ಕೆಳಗ ಒಗದು ಬಿಡಲೇನು ಅಂತ ಬಂತು ಮನಸಿನಾಗ." ಅವನು ಮುಖ ಮುಚ್ಚಿಕೊಂಡ. "ನನ್ನ ಜೀವಾ ಉಳಿಸಿದಾಂವರಿ ಅಂವ. ಇಷ್ಟೆಲ್ಲಾ ಆದ್ರೂ ನನ್ನ ಹೊಟ್ಟಿಕಿಚ್ಚು ಹೋಗವಲ್ದು. ಇಂಥಾಂವ ಆ ಪಡಿಗೆ ಏನು ಲಾಯಕ್ರಿ?"

ವಸ್ತಾದರು ಅಂಗಿಯನ್ನು ಹಿಂಡಿ ಕೊಡವಿದರು.

"ಟ್ರಂಕು ರೈಲಿಗೆ ಮುಟ್ಟಿತೋ ಇಲ್ಲೋ?"