ಮಚ್ಚು, ಚೂರಿ ಮತ್ತು ಜಿಂಕೆಯ ತೊಗಲು

ಪಣಕ್ಕಿದ್ದದ್ದು ಒಂದು ಹೊಸ ಒರೆ. ಕೆಡವಿದ ಜಿಂಕೆಯ ಹೊಟ್ಟೆಯನ್ನು ಅಚ್ಚುಕಟ್ಟಾಗಿ ಬಗೆದವರಿಗೆ ಅದರ ತೊಗಲಿನಲ್ಲೇ ಒರೆ ಹೊಲಿದುಕೊಡುತ್ತೇನೆಂದು ಬೇಟೆಗಾರ ಓಬಯ್ಯ ತನ್ನ ಮಚ್ಚಿಗೂ ಚೂರಿಗೂ ಮಾತು ಕೊಟ್ಟಿದ್ದ.

"ಒಂದೇ ಏಟು, ಎರಡು ಹೋಳು! ನೀನು ಪಕ್ಕಕ್ಕೆ ಸರಿ ತಮ್ಮಾ," ಎಂದಿತು ಮಚ್ಚು.

ಚೂರಿ ಆಗಲೇ ಲಾಭನಷ್ಟ ತೂಗಿ ನೋಡಿತ್ತು. "ಹೊಡಿ ಮಚ್ಚಣ್ಣ, ಬೇಡ ಅನ್ನುವವರು ಯಾರು? ನಿನ್ನ ಏಟಿಗೆ ಕರುಳು ಒಡೆದು ಮಾಂಸ ನಾರುತ್ತದೆ, ತೊಗಲೂ ಹರಿಯುತ್ತದೆ. ಆಮೇಲೆ ಒರೆಯನ್ನು ಯಾವುದರಲ್ಲಿ ಹೊಲಿಸುತ್ತೀಯ?"

ಮಚ್ಚು ಕೇಳಿತು: "ಹಾಗಾದರೆ ಎಲ್ಲವನ್ನೂ ನೀನೊಬ್ಬನೇ ಕೊಯ್ಯುತ್ತೀಯೋ?"

"ಕೊಯ್ದರೆ ಎದೆಮೂಳೆಗೆ ಸಿಕ್ಕಿ ನಾನೇ ಮುರಿಯುತ್ತೇನೆ. ಅಂಥ ವ್ಯಾಪಾರ ನನಗೆ ಬೇಡ. ಹೊಟ್ಟೆ ನನಗಿರಲಿ, ಮೂಳೆ ನಿನಗೆ. ತೊಗಲು ಇಡಿಯಾಗಿ ಬಂದರೆ ಒಂದು ಒರೆಗೇ ಮುಗಿಯುತ್ತದೆಯೇ?"

ಮಚ್ಚು ಒಪ್ಪಿತು. ಚೂರಿ ಹರಿತವಾದ ಬಾಯನ್ನು ಮೇಲಕ್ಕೆ ತಿರುಗಿಸಿ, ಮೊಂಡು ಬೆನ್ನನ್ನು ಕರುಳಿನ ಕಡೆಗಿಟ್ಟು, ಓಬಯ್ಯನ ಎರಡು ಬೆರಳುಗಳ ನಡುವೆ ಮೆಲ್ಲಗೆ ಸಾಗಿತು.

"ಮದುವೆ ಹೆಣ್ಣಿನ ನಡಿಗೆಯಪ್ಪಾ ನಿನ್ನದು!" ಎಂದು ಮಚ್ಚು ಛೇಡಿಸಿತು.

ಚೂರಿ ನಕ್ಕಿತೇ ಹೊರತು ಅವಸರ ಮಾಡಲಿಲ್ಲ. ಕರುಳು ಒಡೆಯದೆ ಹೊಟ್ಟೆ ತೆರೆದುಕೊಂಡಿತು. ಆಮೇಲೆ ಮಚ್ಚು ಒಂದೇ ಏಟಿಗೆ ಎದೆಮೂಳೆ ಸೀಳಿತು.

"ಎಲಾ ಕಳ್ಳರಾ! ಇಬ್ಬರೂ ಸೇರಿ ನನಗೇ ಕೆಲಸ ಹಚ್ಚಿದಿರಲ್ಲ!" ಎಂದು ಓಬಯ್ಯ ನಗುತ್ತಾ ತೊಗಲನ್ನು ಇಡಿಯಾಗಿ ಸುಲಿದು, ಹದಮಾಡಿ, ಹೊಲಿಯಲು ಕುಳಿತ.

ಕಡೆಗೆ ಕೈಗೆ ಬಂದದ್ದು ಇಷ್ಟು: ಕೆಡದ ಮಾಂಸ, ಚೂರಿಗೊಂದು ಒರೆ, ಮಚ್ಚಿಗೊಂದು ಒರೆ, ಮಿಕ್ಕ ತೊಗಲಿನಲ್ಲಿ ಓಬಯ್ಯನಿಗೆ ಒಂದು ಜೊತೆ ಚಪ್ಪಲಿ.