ಹುಳ ಹಿಡಿದ ಹೆಸರುಕಾಳು

ರೈಲ್ವೆ ಗಾರ್ಡ್ ಕೆಲಸದಿಂದ ನಿವೃತ್ತರಾದ ಮರಿಸ್ವಾಮಯ್ಯನವರು, ಇನ್ನಾದರೂ ವಿಷವಿಲ್ಲದ್ದನ್ನು ತಿನ್ನೋಣವೆಂದು ಸಾವಯವ ಹೆಸರುಕಾಳು ತಂದರು. ಅಡುಗೆಮನೆಯ ಗೋಡೆಯಲ್ಲಿ ನೇತಾಡುತ್ತಿದ್ದ ಹಳೇ ಮೊರವನ್ನು ನೋಡಿ ಕಾಳಿನ ಪೊಟ್ಟಣ ಕೇಳಿತು: “ನಿನ್ನನ್ನು ಯಾರೂ ಮುಟ್ಟಿದಂತೆಯೇ ಇಲ್ಲವಲ್ಲ?”

“ಅಂಗಡಿಯಿಂದ ಹಸನಾದ ಕಾಳೇ ಬರುತ್ತದೆ, ನನಗೇನು ಕೆಲಸ?” ಎಂದಿತು ಮೊರ. “ಹಿಂದೆ ಈ ಮನೆಗೆ ಬರುತ್ತಿದ್ದ ಕಾಳೆಲ್ಲ ನಿನ್ನಂಥದ್ದೇ. ಆಗ ಅದನ್ನು ಬರೀ ಕಾಳು ಅನ್ನುತ್ತಿದ್ದರು.”

ಹದಿನೈದು ದಿನಕ್ಕೆ ಪೊಟ್ಟಣದಲ್ಲಿ ಹುಳ ಕಾಣಿಸಿತು. ಮರಿಸ್ವಾಮಯ್ಯ ರೇಗಿದರು. “ಇಷ್ಟು ದುಡ್ಡು ಕೊಟ್ಟು ಹುಳ ತಂದೆನಲ್ಲ! ಈಗಲೇ ವಾಪಸ್ ಕೊಟ್ಟು ಬರ್ತೀನಿ.”

“ನನ್ನ ಮಾನ ಹೋಯಿತು,” ಎಂದಿತು ಪೊಟ್ಟಣ.

“ತಡಿ, ಅವರ ಹೆಂಡತಿ ಇನ್ನೂ ನೋಡಿಲ್ಲ,” ಎಂದಿತು ಮೊರ.

ಪುಟ್ಟಗೌರಮ್ಮ ಬಂದು ನೋಡಿ ಮೊರ ಕೆಳಗಿಳಿಸಿದರು. “ಹುಳ ತಿಂದು ಬದುಕಿದೆ ಅಂದ್ಮೇಲೆ ನಾವೂ ತಿನ್ನಬಹುದು ಕಣ್ರೀ. ಬನ್ನಿ ತಾರಸಿಗೆ.”

ಬಿಸಿಲಲ್ಲಿ ಕೂತು ಆಕೆ ಕೇರಿದರು, ಇವರು ಆರಿಸಿದರು. “ನಮ್ಮವ್ವ ಕೇರೋಕೆ ಕೂತರೆ ಕೋಳಿಗಳೆಲ್ಲ ಸುತ್ತ ನಿಂತು ಹುಳಕ್ಕೆ ಕಾಯ್ತಿದ್ದವು,” ಎಂದರು ಮರಿಸ್ವಾಮಯ್ಯ.

“ಮೂವತ್ತೈದು ವರ್ಷದಲ್ಲಿ ನೀವು ನನಗೆ ಇದನ್ನ ಹೇಳೇ ಇಲ್ಲ.”

“ಯಾವತ್ತಾದ್ರೂ ಹೀಗೆ ಕೂತಿದ್ವಾ?”

ಮೊರದ ಮೇಲೆ ಕಾಳು ಆಡುವುದು ನಿಂತಿತು. ಪುಟ್ಟಗೌರಮ್ಮ ಗಂಡನ ಮುಖ ನೋಡಿದರು, ಮತ್ತೆ ಕೇರತೊಡಗಿದರು.

ಮುಂದಿನ ತಿಂಗಳು, ಹುಳದ ವಿಷಯ ಕೇಳಿದ ಅಂಗಡಿಯವನು, “ಸಾರ್, ಹುಳ ಹಿಡಿಯದ ಕಾಳು ಕೊಡಲಾ?” ಎಂದ.

“ಬೇಡಪ್ಪ,” ಎಂದರು ಮರಿಸ್ವಾಮಯ್ಯ. “ಹುಳ ಹಿಡಿಯೋದೇ ಕೊಡು.”