ಸಿಸಿಲಿಯಮ್ಮ ವಾರಗಿತ್ತಿಯ ಬಾಗಿಲಿಗೆ ಹೋದ ಕಥೆ

ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ಶಿಲುಬೆಯ ಗುರುತು ಹಾಕಿಕೊಂಡು, ಮಕ್ಕಳನ್ನು ಮಡಿಲಿಗೆಳೆದುಕೊಂಡು, ದೀಪದ ಸುತ್ತ ಕೂತವರೆಲ್ಲರೂ ಕೇಳಿರಿ. ಒಲೆಯ ಮೇಲೆ ಏನಾದರೂ ಇಟ್ಟು ಬಂದವರಿದ್ದರೆ ಇಳಿಸಿ ಬನ್ನಿರಿ. ಅರ್ಧ ಮನಸ್ಸು ಅಡುಗೆಮನೆಯಲ್ಲಿಟ್ಟು ಕೇಳುವ ಕಥೆ ಇದಲ್ಲ. ಇದು ಕೇಳಿ ನಡೆಯುವ ವ್ರತದ ಕಥೆ. ನಮ್ಮ ಹಿರಿಯರು ಹೇಳಿದರು, ನಾವು ಕೇಳಿದೆವು, ನಿಮಗೆ ಹೇಳುತ್ತಿದ್ದೇವೆ.

ಅರ್ಕಾವತಿ ಹೊಳೆಯ ದಂಡೆಯಲ್ಲಿ ಜ್ಞಾನಾಪುರವೆಂಬ ಊರಿತ್ತು. ಊರ ನಡುವೆ ದೇವಮಾತೆಯ ಚರ್ಚು, ಚರ್ಚಿನ ಸುತ್ತ ಹಿಪ್ಪುನೇರಳೆ ತೋಟ, ತೋಟದಾಚೆ ರೇಷ್ಮೆಹುಳ ಸಾಕುವ ಮನೆಗಳು. ಆ ಊರಲ್ಲಿ ಇನ್ನಾಸಪ್ಪನೆಂಬ ಗೃಹಸ್ಥನಿದ್ದನು. ಅವನ ಹೆಂಡತಿ ಸಿಸಿಲಿಯಮ್ಮ. ಅವಳು ಕೈಯಿಟ್ಟ ಬೆಳೆ ಎಂದೂ ಕೆಟ್ಟದ್ದಿಲ್ಲ. ಹುಳ ತುಂಬಿದ ತಟ್ಟೆಗಳ ನಡುವೆ ಅವಳು ಓಡಾಡುವಾಗ ಅರಮನೆಯಲ್ಲಿ ರಾಣಿ ಓಡಾಡಿದ ಹಾಗೆ ಕಾಣುತ್ತಿತ್ತು. ಅದು ಅವಳಿಗೂ ಗೊತ್ತಿತ್ತು. ಗೋಡೆಯಾಚೆಯ ಮನೆಯಲ್ಲಿ ಇನ್ನಾಸಪ್ಪನ ತಮ್ಮನೂ ಅವನ ಹೆಂಡತಿ ಲೂರ್ದಮ್ಮನೂ ಇದ್ದರು. ಅಣ್ಣತಮ್ಮಂದಿರು ಬೇರೆಯಾದರೂ ತಾಯಿ ಆರೋಗ್ಯಮ್ಮ ಹಿರಿಯ ಮಗನ ಬಳಿಯೇ ಉಳಿದಿದ್ದಳು.

ಆರೋಗ್ಯಮ್ಮ ತನ್ನ ಅತ್ತೆಯಿಂದ ಕಲಿತು ಈ ವ್ರತವನ್ನು ಮನೆಯಲ್ಲಿ ನಡೆಸುತ್ತಿದ್ದಳು. ಅದರ ಕ್ರಮ ಹೇಗೆಂದರೆ, ಹುಳಕ್ಕೆ ಸಂಜೆಯ ಸೊಪ್ಪು ಹಾಕಿ ಕೈ ತೊಳೆದು ಬಂದು, ಪ್ರಭುವಿನ ಪಟದ ಮುಂದೆ ದೀಪ ಹಚ್ಚಿ, ಪರಲೋಕದಲ್ಲಿರುವ ನಮ್ಮ ತಂದೆಯೇ ಎಂಬ ಪರಲೋಕ ಮಂತ್ರ ಹೇಳಿ, ಶುಭಸಂದೇಶದ ಒಂದು ಭಾಗ ಓದಿಸಿ, ಅನಂತರ ಎಲ್ಲರೂ ಮಾತು ನಿಲ್ಲಿಸಿ, "ಪ್ರಭುವೇ, ನಾಳೆ ನಾನೇನು ಮಾಡಲಿ" ಎಂದು ಒಬ್ಬೊಬ್ಬರೂ ಮನಸ್ಸಿನಲ್ಲಿ ಕೇಳಿ ಸುಮ್ಮನೆ ಕೂರಬೇಕು. ಮನಸ್ಸಿಗೆ ಹೊಳೆದದ್ದು ಪ್ರಭು ಆಡಿದ ಮಾತಿಗೆ ಒಪ್ಪುವುದೋ ಎಂದು ನೋಡಬೇಕು. ಒಪ್ಪದಿದ್ದರೆ ಅದು ನಮ್ಮ ಹೊಟ್ಟೆಯ ಗುರುಗುರು ಎಂದು ಬಿಡಬೇಕು. ಒಪ್ಪಿದರೆ, ಮಾರನೆಯ ಬೆಳಗ್ಗೆ ಹುಳಕ್ಕೆ ಮೊದಲ ಸೊಪ್ಪು ಹಾಕುವ ಮುಂಚೆ ಅದನ್ನು ಮಾಡಿ ಮುಗಿಸಬೇಕು. ಮಧ್ಯಾಹ್ನ ನೋಡೋಣ ಎನ್ನಬಾರದು. ಬೇರೆಯವರನ್ನು ಕಳಿಸಬಾರದು. ವ್ರತವೆಂದರೆ ಇಷ್ಟೇ. ಹೂವು ಬೇಡ, ಹಣ್ಣು ಬೇಡ.

ಹೀಗಿರಲು ಒಂದು ಸಲ ಲೂರ್ದಮ್ಮನ ಹುಳಗಳಿಗೆ ಸುಣ್ಣಕಟ್ಟು ರೋಗ ಬಂದು, ಹುಳವೆಲ್ಲ ಬೆಳ್ಳಗೆ ಬಿರುಸಾಗಿ ಸೀಮೆಸುಣ್ಣದ ತುಂಡಿನಂತಾಗಿ ಸತ್ತುಹೋದವು. ಅವಳು ಅತ್ತು, ಮನೆ ತೊಳೆದು, ಸುಣ್ಣ ಹೊಡೆಸಿ, ಮತ್ತೆ ಮೊಟ್ಟೆ ತಂದು ಮರಿಮಾಡಿದಳು. ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳು ಮುರಿದಿದ್ದರಿಂದ, ಕೇಳಿ ತರೋಣವೆಂದು ಸಿಸಿಲಿಯಮ್ಮನ ಹುಳಮನೆಯ ಬಾಗಿಲಿಗೆ ಬಂದಳು. ಸಿಸಿಲಿಯಮ್ಮ ಬಾಗಿಲಿಗೆ ಅಡ್ಡ ನಿಂತು, "ಅಲ್ಲೇ ನಿಂತ್ಕೋ ಲೂರ್ದಿ, ಒಳಗೆ ಬರಬೇಡ. ನಿನ್ನ ಕೈ ಸರಿಯಿಲ್ಲ. ನನ್ನ ಹುಳಕ್ಕೂ ಸುಣ್ಣ ಕಟ್ಟೀತು" ಎಂದಳು.

ಲೂರ್ದಮ್ಮ ಸೆರಗು ಸರಿಮಾಡಿಕೊಂಡು ಹೊರಟುಹೋದಳು. ಸೊಪ್ಪು ಕೊಯ್ಯುತ್ತಿದ್ದ ಹೆಂಗಸರು ಕೇಳಿಸಿಕೊಂಡರು. ಮಾತು ಮಧ್ಯಾಹ್ನದೊಳಗೆ ಊರು ಸುತ್ತಿತು. ಅಂದಿನಿಂದ ಲೂರ್ದಮ್ಮ ನೀರಿಗೆ ಬಂದರೆ ಹೆಂಗಸರು ಕೊಡ ಪಕ್ಕಕ್ಕೆಳೆದುಕೊಳ್ಳುವುದು, ಅವಳ ಹುಳಮನೆಗೆ ಕೆಲಸಕ್ಕೆ ಕರೆದರೆ ನಡುನೋವು ಎನ್ನುವುದು, ಹೀಗೆ ನಡೆಯಿತು.

ಆ ಮಾತು ಆಡಿದ ದಿನದ ಸಂಜೆ ದೀಪದ ಮುಂದೆ ಓದಿದ ಭಾಗವೋ, ಕಾಣಿಕೆಯನ್ನು ಪೀಠದ ಬಳಿ ಬಿಟ್ಟು ಮೊದಲು ಮುನಿದವರ ಹತ್ತಿರ ಹೋಗು ಎಂದು ಪ್ರಭು ಕಲಿಸಿದ್ದು. ಸಿಸಿಲಿಯಮ್ಮ ಕಣ್ಣು ಮುಚ್ಚಿ, ನಾಳೆ ನಾನೇನು ಮಾಡಲಿ ಎಂದು ಕೇಳಿದಳು. ಲೂರ್ದಿಯ ಮನೆಗೆ ಹೋಗು ಎಂದು ಹೊಳೆಯಿತು. ಅವಳು ಬೇಗ ಕಣ್ಣು ತೆರೆದು, ಬತ್ತಿ ಸರಿಯಿಲ್ಲವೆಂದು ಬತ್ತಿಯನ್ನು ಎಳೆದಳು.

ಮಾರನೆಯ ಬೆಳಗ್ಗೆ ಹೋಗಲಿಲ್ಲ. ಮರುಸಂಜೆ ಕೇಳಿದಳು, ಅದೇ ಮಾತು ಬಂತು. ಬೇರೆ ಏನಾದರೂ ಹೇಳು ಸ್ವಾಮಿ, ಏನು ಬೇಕಾದರೂ ಮಾಡುತ್ತೇನೆ ಎಂದಳು. ಬೇರೆ ಏನೂ ಬರಲಿಲ್ಲ. ಆಗ ಅವಳು ತಾನೇ ಯೋಚಿಸಿ, ಶುಕ್ರವಾರದ ಒಪ್ಪೊತ್ತನ್ನು ಪೂರ್ತಿ ಉಪವಾಸ ಮಾಡಿದಳು. ತನ್ನಷ್ಟೇ ಎತ್ತರದ ಮೇಣದ ಬತ್ತಿ ಮಾಡಿಸಿ ದೇವಮಾತೆಗೆ ಹಚ್ಚಿದಳು. ಚರ್ಚಿನ ನೆಲವನ್ನು ಒಬ್ಬಳೇ ತೊಳೆದಳು. ದಿನವೂ ದೀಪದ ಮುಂದೆ ಕೂತು ತಾನು ಮಾಡಿದ್ದನ್ನೆಲ್ಲ ಒಂದೊಂದಾಗಿ ಒಪ್ಪಿಸಿ, ಮುಂದೆ ಮಾಡಲಿರುವುದನ್ನೂ ತಿಳಿಸಿ, ಇದಕ್ಕೆಲ್ಲ ಆಶೀರ್ವಾದ ಕೊಡು ಎಂದು ಏಳುತ್ತಿದ್ದಳು.

ಆರೋಗ್ಯಮ್ಮ ನೋಡಿ ನೋಡಿ ಒಂದು ದಿನ, "ಸಿಸಿಲಿ, ಪ್ರಭುವಿಗೆ ಕೆಲಸ ಹಂಚೋಕೆ ಕೂರ್ತೀಯೋ, ಕೇಳೋಕೆ ಕೂರ್ತೀಯೋ?" ಎಂದಳು.

"ವ್ರತ ಬಿಟ್ಟಿದ್ದೀನಾ ಅತ್ತೆಮ್ಮ? ಒಂದಕ್ಕೆ ಎರಡು ಮಾಡ್ತಿದ್ದೀನಿ" ಎಂದಳು ಸೊಸೆ.

ಆ ಊರಲ್ಲೊಂದು ಪದ್ಧತಿಯಿತ್ತು. ದೇವಮಾತೆಯ ಹಬ್ಬದ ದಿನ, ಯಾರ ಮನೆಯ ಹೊಸ ಗೂಡು ಮೊದಲು ಬಂದಿರುವುದೋ ಅವರು ರೇಷ್ಮೆಗೂಡುಗಳನ್ನು ಪೋಣಿಸಿ ಪೀಠಕ್ಕೆ ಮಾಲೆ ಹಾಕುವುದು. ವರ್ಷವರ್ಷವೂ ಆ ಮಾಲೆ ಸಿಸಿಲಿಯಮ್ಮನದೇ. ಈ ವರ್ಷ ಮಳೆ ಹಿಡಿದು ಹುಳಗಳು ನಿಧಾನವಾದವು. ಗೂಡು ಹಬ್ಬಕ್ಕಿಂತ ಒಂದೇ ದಿನ ತಡವಾಗುವಂತೆ ಕಂಡಿತು. ಆ ಹೊತ್ತಿಗೆ ಹುಳಗಳು ನಾಲ್ಕನೆಯ ಜ್ವರಕ್ಕೆ ಕೂತಿದ್ದವು. ಹುಳ ಪೊರೆ ಬಿಡುವುದಕ್ಕೆ ಮುಂಚೆ ಮೇವು ಬಿಟ್ಟು, ತಲೆ ಎತ್ತಿ, ಜಪಕ್ಕೆ ಕೂತವರಂತೆ ಅಲುಗದೆ ಇರುವುದಕ್ಕೆ ಜ್ವರವೆನ್ನುತ್ತಾರೆ. ಎಲ್ಲ ಹುಳವೂ ಜ್ವರದಿಂದ ಏಳುವತನಕ ಸೊಪ್ಪು ಹಾಕಬಾರದು. ಇದು ಆ ಊರಿನ ಎಳೆಮಕ್ಕಳಿಗೂ ಗೊತ್ತು. ಆದರೆ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಹುಳ ಎದ್ದದ್ದನ್ನು ಕಂಡ ಸಿಸಿಲಿಯಮ್ಮ, ನನ್ನ ಕೈ ಎಂದೂ ತಪ್ಪಿದ್ದಿಲ್ಲವೆಂಬ ಧೈರ್ಯದಿಂದ, ಎಳೆ ಸೊಪ್ಪು ಹೆಚ್ಚಿ ಹೊದಿಸಿದಂತೆ ಹಾಕಿದಳು. ಎದ್ದವು ತಿಂದವು. ಏಳದವು ಸೊಪ್ಪಿನಡಿಯಲ್ಲೇ ಹೂತುಹೋದವು. ಮಳೆಯ ತೇವಕ್ಕೆ ಸೊಪ್ಪು ಬೆವರಿ ಹುಳಿಯಿತು. ಹುಳಗಳ ಮೈ ಮೆತ್ತಗಾಗಿ, ಮುಟ್ಟಿದರೆ ಒಡೆಯುವಂತಾಗಿ, ಹುಳಮನೆಯಲ್ಲಿ ನಿಲ್ಲಲಾಗದ ನಾತವೆದ್ದಿತು. ಇನ್ನಾಸಪ್ಪ ಮೂಗಿಗೆ ಬಟ್ಟೆ ಕಟ್ಟಿಕೊಂಡು ತಟ್ಟೆತಟ್ಟೆಯನ್ನೂ ಹೊತ್ತು ಗುಂಡಿಗೆ ಸುರಿದನು.

"ಜಪಕ್ಕೆ ಕೂತೋರ ತಲೆ ಮೇಲೆ ಊಟ ಸುರಿದ್ರೆ ಇನ್ನೇನಾಗುತ್ತೆ" ಎಂದನು. ಸಾಧು ಮನುಷ್ಯ, ಅಷ್ಟೇ ಅಂದದ್ದು. ಅದೇ ಅವಳಿಗೆ ಸಾಕಾಯಿತು.

ಕೇಳುವವರು ಇಲ್ಲಿ ತಪ್ಪು ತಿಳಿಯಬಾರದು. ಪ್ರಭು ಮುನಿದು ಹುಳಕ್ಕೆ ರೋಗ ಕಳಿಸಲಿಲ್ಲ. ಹಾಗೆ ಮಾಡುವ ದೇವರಲ್ಲ ಅವನು. ಕಾಯಲಾರದ ಕೈ ಮಾಡಿದ್ದು ಅದು. ಒಂದು ಮಾತಿಗೆ ಕಿವಿ ಮುಚ್ಚಿಕೊಂಡವರಿಗೆ ಉಳಿದ ಮಾತೂ ಕೇಳಿಸದೆ ಹೋಗುವುದುಂಟು.

ಹಬ್ಬ ಬಂತು. ಮಾಲೆ ಬೇರೆ ಮನೆಯಿಂದ ಹೋಯಿತು. ಸಿಸಿಲಿಯಮ್ಮ ಕಂಬದ ಮರೆಯಲ್ಲಿ ನಿಂತು ಪೂಜೆ ಕೇಳಿ ಬಂದಳು. ಸಂಜೆ ದೀಪದ ಮುಂದೆ ಅವಳು, "ಉಪವಾಸ ಮಾಡಿದೆ, ಬತ್ತಿ ಹಚ್ಚಿದೆ, ನೆಲ ತೊಳೆದೆ. ನನಗೇನು ಕೊಟ್ಟ ಅತ್ತೆಮ್ಮ ಅವನು?" ಎಂದು ಕೇಳಿದಳು.

ಆರೋಗ್ಯಮ್ಮ ಅವಳ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡು, "ಅವನು ಹೇಳಿದ್ದು ಒಂದು. ಆ ಒಂದು ಬಿಟ್ಟು ನೀನು ಎಲ್ಲಾ ಮಾಡ್ದೆ. ಯಾವುದು ಆ ಒಂದು ಅಂತ ನಾನು ಕೇಳಲ್ಲ, ಮಗಳೇ. ನಿನಗೆ ಗೊತ್ತು" ಎಂದಳು.

ಸಿಸಿಲಿಯಮ್ಮ ತಲೆ ತಗ್ಗಿಸಿ ಕೂತಳು. ಒಪ್ಪಿಸಲು ಅವಳ ಬಳಿ ಏನೂ ಇರಲಿಲ್ಲ. ತಟ್ಟೆ ಬರಿದು, ಮಾತೂ ಬರಿದು. ನಾಳೆ ನಾನೇನು ಮಾಡಲಿ ಎಂದು ಕೇಳಿದಳು. ಲೂರ್ದಿಯ ಮನೆಗೆ ಹೋಗು ಎಂದೇ ಬಂತು. ಹೋಗಿ ಏನು ಹೇಳಲಿ, ಅವಳು ಬಾಗಿಲು ಹಾಕಿಕೊಂಡರೆ ಏನು ಗತಿ, ಈಗ ಹೋದರೆ ಕಷ್ಟ ಬಂದಮೇಲೆ ಬಂದಳು ಅನ್ನುವುದಿಲ್ಲವೇ ಎಂದೆಲ್ಲ ಕೇಳಿದಳು. ಅದಕ್ಕೆ ಯಾವ ಉತ್ತರವೂ ಬರಲಿಲ್ಲ. ಹೋಗು ಎಂಬುದಷ್ಟೇ ಉಳಿಯಿತು.

ಬೆಳಗಾಯಿತು. ಅವಳಿಗೆ ಹಾಕಲು ಮೊದಲ ಸೊಪ್ಪೂ ಇಲ್ಲ, ಅದನ್ನು ತಿನ್ನುವ ಹುಳವೂ ಇಲ್ಲ. ಬರಿಗೈಯಲ್ಲಿ ಗೋಡೆ ಸುತ್ತಿ ಹೋಗಿ ವಾರಗಿತ್ತಿಯ ಹುಳಮನೆಯ ಮುಂದೆ ನಿಂತಳು. ಹೊಸಿಲು ದಾಟಲಿಲ್ಲ.

ಒಳಗೆ ನೋಡುತ್ತಾಳೆ, ಲೂರ್ದಮ್ಮನ ಹುಳಗಳೆಲ್ಲ ಹಣ್ಣಾಗಿವೆ. ಮೈ ಹೊಂಬಣ್ಣಕ್ಕೆ ತಿರುಗಿ, ಮೇವು ಬಿಟ್ಟು, ಗೂಡು ಕಟ್ಟುವ ಜಾಗಕ್ಕೆ ತಲೆಯಾಡಿಸುತ್ತಿವೆ. ಹಣ್ಣಾದ ಹುಳವನ್ನು ಒಂದೊಂದಾಗಿ ಆಯ್ದು ಆಗಲೇ ಚಂದ್ರಿಕೆಗೆ ಬಿಡಬೇಕು. ತಡವಾದರೆ ಕಸದಲ್ಲೇ ನೂಲು ಕಾರಿ ಬೆಳೆ ಹಾಳು. ಅದಕ್ಕೆ ಓಣಿಯ ಹೆಂಗಸರೆಲ್ಲ ಕೈಜೋಡಿಸುವುದು ಊರಿನ ರೂಢಿ. ಲೂರ್ದಮ್ಮನ ಗಂಡ ಚಂದ್ರಿಕೆ ಬೇಡಿ ತರಲು ಆಚೆಯೂರಿಗೆ ಓಡಿದ್ದನು. ಹೆಂಗಸರು ಯಾರೂ ಬಂದಿರಲಿಲ್ಲ. ಅವಳೊಬ್ಬಳೇ ಮಂಡಿಯೂರಿ ಕೂತು, ಎರಡು ಕೈಯಲ್ಲೂ ಆಯುತ್ತಿದ್ದಳು. ಯಾಕೆ ಯಾರೂ ಬಂದಿಲ್ಲವೆಂಬುದನ್ನು ಸಿಸಿಲಿಯಮ್ಮನಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

"ಲೂರ್ದಿ" ಎಂದಳು. "ನಿನ್ನ ಕೈ ಸರಿಯಿಲ್ಲ ಅಂದದ್ದು ಸುಳ್ಳು. ಸುಣ್ಣ ಕಟ್ಟೋದು ಥಂಡಿಗೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಅಂದೆ. ನನ್ನನ್ನ ಕ್ಷಮಿಸು."

ಲೂರ್ದಮ್ಮ ತಲೆ ಎತ್ತಲಿಲ್ಲ. "ಇದನ್ನ ಹೇಳೋ ಹೊತ್ತೇನಕ್ಕ ಇದು? ಹುಳ ಹಣ್ಣಾಗಿ ಕೂತಿವೆ. ಅಳೋಕೂ ನನಗೆ ಪುರುಸೊತ್ತಿಲ್ಲ" ಎಂದಳು.

"ನಾನು ಒಳಗೆ ಬರೋ ಹಾಗಿಲ್ಲ. ನನ್ನ ಹುಳಕ್ಕೆ ರೋಗ ಬಂದಿತ್ತು."

"ನಾತ ಇಲ್ಲೀತನಕ ಬಂದಿತ್ತು, ಗೊತ್ತು" ಎಂದಳು ಲೂರ್ದಮ್ಮ. ಒಂದು ಹಿಡಿ ಹುಳವನ್ನು ಮುರಿಯದೆ ಉಳಿದಿದ್ದ ಚಂದ್ರಿಕೆಗೆ ಬಿಟ್ಟು, ಆಮೇಲೆ ಮುಖ ಎತ್ತಿದಳು. "ಬಚ್ಚಲಲ್ಲಿ ನೀರು ಕಾದಿದೆ. ತಲೆಗೆ ಹಾಕ್ಕೊಂಡು, ಹಗ್ಗದ ಮೇಲೆ ನನ್ನ ಸೀರೆ ಇದೆ, ಅದನ್ನ ಉಟ್ಕೊಂಡು ಬಾ. ಕಾಲಿಗೆ ಸುಣ್ಣದ ನೀರು ಮರೀಬೇಡ."

ಸಿಸಿಲಿಯಮ್ಮ ಮಿಂದು, ವಾರಗಿತ್ತಿಯ ಮಾಸಲು ಸೀರೆಯುಟ್ಟು, ಒದ್ದೆ ಕೂದಲಲ್ಲೇ ಮೊದಲು ಬೀದಿಗೆ ಓಡಿದಳು. ಚರ್ಚಿನ ಬಾವಿಯ ಬಳಿ ಹೆಂಗಸರೆಲ್ಲ ಕೂಡಿದ್ದರು. ಅವರ ಮುಂದೆ ನಿಂತು, ನಾನು ಲೂರ್ದಿಯ ಮೇಲೆ ಹೇಳಿದ್ದು ಸುಳ್ಳು, ಅವಳ ಹುಳ ಚಿನ್ನದ ಹಾಗೆ ಹಣ್ಣಾಗಿವೆ, ದಮ್ಮಯ್ಯ ಬನ್ನಿ ಎಂದಳು. ಬಾಯಿಬಡುಕಿಯೊಬ್ಬಳು, "ಹಂಗಾದ್ರೆ ನಿನ್ನ ಕೈಗೇನಾಗಿತ್ತು ಸಿಸಿಲಕ್ಕ, ನಿನ್ನ ಹುಳ ಹೋದ್ವಲ್ಲ?" ಎಂದು ಕೊಂಕು ನುಡಿದಳು.

"ಕೈಗೇನೂ ಆಗಿರ್ಲಿಲ್ಲ ಕಣೇ, ಬುದ್ಧಿಗಾಗಿತ್ತು. ನಗೋದನ್ನ ಅಲ್ಲೇ ಬಂದು ನಗು, ನಗ್ತಾ ಆಯಿ" ಎಂದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ, ಕೊಡಗಳನ್ನು ಬಾವಿಕಟ್ಟೆಯ ಮೇಲೇ ಬಿಟ್ಟು ಬಂದರು.

ಅಂದು ಬಿಸಿಲೇರಿ ಇಳಿಯುವವರೆಗೆ ಆ ಹುಳಮನೆಯಲ್ಲಿ ಕೈಗಳಿಗೆ ಬಿಡುವಿರಲಿಲ್ಲ. ವಾರಗಿತ್ತಿಯರಿಬ್ಬರೂ ಒಂದೇ ತಟ್ಟೆಯ ಎರಡು ಬದಿಗೆ ಕೂತು ಆಯ್ದರು. ನಡುವೆ ಒಮ್ಮೆ ಲೂರ್ದಮ್ಮ, "ಆ ಸೀರೆ ನಿಂಗೆ ಗಿಡ್ಡ ಕಣಕ್ಕ" ಎಂದಳು. ಸಿಸಿಲಿಯಮ್ಮ ನಗಲು ಹೋಗಿ ಅತ್ತಳು. ಲೂರ್ದಮ್ಮನ ಗಂಡ ಆಚೆಯೂರಿನಿಂದ ಚಂದ್ರಿಕೆ ಹೊತ್ತು ತಂದನು, ಕೊನೆಯ ಹುಳವೂ ಅದಕ್ಕೇರಿತು. ಗೂಡುಗಳು ಕಲ್ಲಿನಂತೆ ಗಟ್ಟಿಯಾಗಿ, ಹಾಲಿನಂತೆ ಬೆಳ್ಳಗಾಗಿ ಬಂದವು.

ಸಿಸಿಲಿಯಮ್ಮ ಮುಂದಿನ ಸಲ ಮೊಟ್ಟೆ ತಂದಾಗ ಮರಿಹುಳದ ತಟ್ಟೆಯನ್ನು ಮೊದಲು ಲೂರ್ದಮ್ಮನ ಕೈಯಿಂದಲೇ ಒಳಗಿಡಿಸಿದಳು. ಎರಡು ಮನೆಯವರೂ ಸಂಜೆ ಆರೋಗ್ಯಮ್ಮನ ಬಳಿ ಒಂದೇ ದೀಪಕ್ಕೆ ಕೂರತೊಡಗಿದರು. ಬೆಳೆ ಚೆನ್ನಾಗಿ ಬಂದ ವರ್ಷಗಳೂ ಬಂದವು, ಮಳೆ ಹಿಡಿದು ಕೆಟ್ಟ ವರ್ಷಗಳೂ ಬಂದವು. ಆದರೆ ಆ ಮನೆಗಳಲ್ಲಿ ಕಷ್ಟಕ್ಕೆ ಒಂಟಿಯಾಗಿ ಮಂಡಿಯೂರಿದವರು ಮತ್ತೆ ಇರಲಿಲ್ಲ. ಸಿಸಿಲಿಯಮ್ಮ ಮುದುಕಿಯಾದ ಮೇಲೆ ಸೊಸೆಯಂದಿರಿಗೆ ಹೀಗೆನ್ನುತ್ತಿದ್ದಳು: ಯಾಕೆ ಹೋಗಬೇಕು ಅಂತ ಪ್ರಭು ಮುಂಚೆ ಹೇಳಿದ್ದರೆ ನಾನು ಲೂರ್ದಿಯ ಹುಳಕ್ಕಾಗಿ ಹೋಗುತ್ತಿದ್ದೆ, ಉಪಕಾರ ಮಾಡಿದೆ ಅಂತ ಮೆರೆಯುತ್ತಿದ್ದೆ. ಹೇಳಲಿಲ್ಲ, ಅದಕ್ಕೇ ಲೂರ್ದಿಗಾಗಿ ಹೋದೆ.

ಈ ಕಥೆಯನ್ನು ಭಕ್ತಿಯಿಂದ ಓದಿದವರಿಗೂ, ಕೂತು ಕೇಳಿದವರಿಗೂ, ನಿದ್ದೆ ತಡೆದುಕೊಂಡು ಹೂಂಗುಟ್ಟಿದ ಮಕ್ಕಳಿಗೂ, ನೆರೆಮನೆಗೆ ಹೋಗಿ ಹೇಳಿದವರಿಗೂ ಸಿಸಿಲಿಯಮ್ಮನಿಗಾದ ಫಲವೇ ಆಗಲಿ. ದಾರಿ ಪೂರ್ತಿ ಕಾಣದಿದ್ದರೂ ಇಡಬೇಕಾದ ಒಂದು ಹೆಜ್ಜೆ ಕಾಣಲಿ, ಆ ಹೆಜ್ಜೆಗೆ ಕಾಲು ಬರಲಿ, ಮುಚ್ಚಿದ ಬಾಗಿಲುಗಳು ಒಳಗಿನಿಂದ ತೆರೆಯಲಿ. ಬೆಳೆ ಕೊಟ್ಟಾಗಲೂ ಕೊಡದಿದ್ದಾಗಲೂ ಪ್ರಭು ನಮ್ಮ ಕೈ ಬಿಡದಿರಲಿ. ಆಮೆನ್.

ಕಥೆ ಓದುವವರ ಕೆಲಸ ಇಲ್ಲಿಗೆ ಮುಗಿಯಿತು. ಇನ್ನು ಯಾರೂ ಮಾತಾಡಬೇಡಿರಿ. ಕಣ್ಣು ಮುಚ್ಚಿ, ನಾಳೆ ಏನು ಮಾಡಲಿ ಎಂದು ಒಬ್ಬೊಬ್ಬರೂ ಕೇಳಿಕೊಳ್ಳಿರಿ.